ಎಡಗಡೆ ಗೆರೆ ಪಕ್ಕ ನಿಂತವನು

ಅಣ್ಣನಿಗೆ ನನ್ನ ಗುರುತು ಸಿಗದಂತಾದಾಗ ಡಾಕ್ಟರು ಮರೆವಿನ ಕಾಯಿಲೆ ಎಂದರು. ನಾನು ಹಟಮಾರಿ, ಒಪ್ಪಲಿಲ್ಲ. ಫುಟ್‌ಬಾಲ್ ತೋರಿಸಿದರೆ ನೆನಪು ಮರಳೀತು ಎಂದು ಭಾನುವಾರಗಳಂದು ತುಮಕೂರಿನಿಂದ ಗುಬ್ಬಿಗೆ ಬಸ್ಸು ಹತ್ತಿ, ಅವನ ಪಕ್ಕ ಕೂತು ಟಿ.ವಿ.ಯಲ್ಲಿ ವಿದೇಶಿ ಲೀಗಿನ ಪಂದ್ಯ ಹಾಕುತ್ತಿದ್ದೆ.

ಚಿಕ್ಕಂದಿನಲ್ಲಿ ಕುಣಿಗಲ್ಲಿನ ಮೈದಾನದಲ್ಲಿ ನಾವಿಬ್ಬರೂ ಒಂದೇ ಟೀಮಿಗೆ ಆಡಿದವರು. ಅವನು ನಡುವೆ, ನಾನು ಎಡಗಡೆ ಗೆರೆಗೆ ಅಂಟಿಕೊಂಡು. ಚೆಂಡು ಸಿಕ್ಕರೆ ತಲೆ ಎತ್ತಿಯೂ ನೋಡದೆ ನನ್ನ ಕಡೆಗೇ ಒದೆಯುತ್ತಿದ್ದ. ನಾನು ಅಲ್ಲಿರದಿದ್ದರೆ ಮನೆಯಲ್ಲಿ ಮಂಗಳಾರತಿ ಗ್ಯಾರಂಟಿ.

ಆಗ ದೊಡ್ಡ ಕ್ಲಬ್ಬುಗಳ ಆಟವೂ ಹಾಗೇ ಇತ್ತು. ಗೆರೆ ಪಕ್ಕದವನು ಮೂಲೆಯವರೆಗೂ ಓಡಿ ಗೋಲಿನ ಮುಂದಕ್ಕೆ ಚೆಂಡು ಎತ್ತಿ ಹಾಕುತ್ತಿದ್ದ. ಈಗಿನವನು ಒಳಕ್ಕೆ ನುಗ್ಗುತ್ತಾನೆ. ಗೋಲ್‌ಕೀಪರ್ ಕೂಡ ದೂರ ಒದೆಯದೆ ಹತ್ತಿರದವನಿಗೇ ತಳ್ಳುತ್ತಾನೆ. ಎಲ್ಲರೂ ನಡುವೆ ಸೇರಿಕೊಂಡಾಗ ಅಂಚಿನಲ್ಲಿ ಉಳಿಯುವುದು ಬರೀ ಹುಲ್ಲು.

ಅಣ್ಣನ ಕಣ್ಣು ಆ ಹುಲ್ಲಿನ ಮೇಲೆಯೇ ಇರುತ್ತಿತ್ತು. ಚೆಂಡು ಎತ್ತ ಹೋದರೂ ಕದಲುತ್ತಿರಲಿಲ್ಲ. ಒಮ್ಮೊಮ್ಮೆ ಯಾರಿಗೋ ಉತ್ತರ ಕೊಟ್ಟಂತೆ ತಲೆಯಾಡಿಸುತ್ತಿದ್ದ.

"ಅಲ್ಲಿ ಯಾರೂ ಇಲ್ಲ ಕಣಣ್ಣ" ಎಂದೆ.

"ಅವ್ನೆ ನೋಡಿ. ಕೈ ಎತ್ಕೊಂಡು ನಿಂತವ್ನೆ. ಯಾರೂ ಬಾಲ್ ಕೊಡ್ತಿಲ್ಲ."

ಅಡುಗೆಮನೆಯಿಂದ ಅತ್ತಿಗೆ, "ಟಿ.ವಿ. ಆಫ್ ಮಾಡಿದ್ರೂ ಹಂಗೇ ನೋಡ್ತಾ ಕೂತಿರ್ತಾರೆ ಕಣಪ್ಪ" ಎಂದರು.

ಬರಬರುತ್ತಾ ನನಗೂ ಅದೇ ಚಾಳಿ ಹತ್ತಿತು. ಗೋಲು ಯಾರು ಹೊಡೆದರೋ ತಿಳಿಯದು, ನೋಡುತ್ತಿದ್ದದ್ದು ಆ ಖಾಲಿ ಅಂಚನ್ನು. ಒಂದು ಸಲ ಅಲ್ಲಿ ಒಂದು ನೆರಳು ಗೆರೆಯುದ್ದಕ್ಕೂ ಹೋಯಿತು. ಯಾರದೆಂದು ನೋಡುವಷ್ಟರಲ್ಲಿ ಕ್ಯಾಮೆರಾ ತಿರುಗಿತು. ಸುಳ್ಳೇಕೆ ಹೇಳಲಿ, ಹೆದರಿಕೆಯಾಯಿತು. ಆದರೂ ಮುಂದಿನ ಭಾನುವಾರ ಬಸ್ಸು ಹತ್ತಿದೆ.

ಅವತ್ತು ಪಂದ್ಯ ಮುಗಿದು ಆಟಗಾರರು ಒಳಗೆ ಹೋದರು. ಪರದೆಯ ಮೇಲೆ ಮೈದಾನ ಬಣಗುಟ್ಟುತ್ತಿತ್ತು. ಅಣ್ಣ ಇದ್ದಕ್ಕಿದ್ದಂತೆ ನನ್ನ ಮುಂಗೈ ಹಿಡಿದ. ಗುರುತು ಸಿಕ್ಕಿತೇನೋ ಎಂಬ ಆಸೆಯಿಂದ ಅವನ ಮುಖದ ಹತ್ತಿರ ಬಗ್ಗಿದೆ.

"ಸಾರ್, ನೀವಾದ್ರೂ ಸ್ವಲ್ಪ ಕೂಗಿ" ಎಂದ, ಪರದೆಯ ಎಡಗಡೆ ತೋರಿಸುತ್ತಾ. "ಅವ್ನು ನನ್ ತಮ್ಮ. ಕತ್ಲಾಗ್ತಾ ಬಂತು. ನಾನ್ ಕರುದ್ರೆ ಮನೆಗ್ ಬರ್ತಿಲ್ಲ."

ನನ್ನ ಹೆಸರು ಹಿಡಿದು ನಾನೇ ಜೋರಾಗಿ ಕೂಗಿದೆ. ಅಣ್ಣ ಕೈ ಬಿಟ್ಟು, ಬಾಗಿಲ ಕಡೆ ತಿರುಗಿ ಕಾಯುತ್ತಾ ಕೂತ.