ಹೊಳೆಗೆ ಬಿದ್ದ ಎಂಜಿನ್ನಿನ ಜಾಡು ಹಿಡಿದ ವೆಲಿಚ್ಕಾ

ನಮ್ಮ ಬೆಟ್ಟದೂರು ಗೋರ್ನಾ ರೆಕಾದ ಪುಟ್ಟ ರೈಲಿನಲ್ಲಿ ಹೊಲಿಗೆ ಬಿಚ್ಚಿದ ಸೀಟು ಒಂದೂ ಸಿಗಲಾರದು. ಅದು ವೆಲಿಚ್ಕಾಳ ಕೈಕೆಲಸ. ರೈಲ್ವೆ ಶೆಡ್ಡಿನಲ್ಲಿ ಸೀಟಿನ ಹೊದಿಕೆ ಹೊಲಿಯುವವಳು ಅವಳು. ಹಟಕ್ಕೆ ಬಿದ್ದರೆ ಯಾರ ಮಾತನ್ನೂ ಕೇಳುವವಳಲ್ಲ. ನಾನು ಅವಳ ಪಕ್ಕದ ಮನೆಯವಳು, ಸ್ಟೇಷನ್ನಿನಲ್ಲಿ ಕಾಫಿ ಮಾರುತ್ತಿದ್ದೆ.

ಅವಳ ಅಪ್ಪ ಅಪೋಸ್ತೊಲ್ ಡೀಸೆಲ್ ಎಂಜಿನ್ ಓಡಿಸುತ್ತಿದ್ದ. ಒಮ್ಮೆ ಹಿಮ ಕರಗುವ ಕಾಲದಲ್ಲಿ ಗುಡ್ಡ ಜರಿದು ಹಳಿಗೆ ಬಂತು. ಅವನು ಹೊರಕ್ಕೆ ಹಾರಲಿಲ್ಲ, ಬ್ರೇಕು ಹಿಡಿದೇ ಕೂತ. ಡಬ್ಬಿಗಳು ಹಳಿಯ ಮೇಲೇ ಉಳಿದವು. ಎಂಜಿನ್ ಮಾತ್ರ ಕೊಂಡಿ ಕಿತ್ತುಕೊಂಡು ಅವನ ಸಮೇತ ಹೊಳೆಗೆ ಉರುಳಿತು. ಜನರೆಲ್ಲ ಬದುಕಿದರು, ಅವನ ಒಂದು ಕಾಲು ಹೋಯಿತು. ಎಂಜಿನ್ ಗುಜರಿಗೆ ಹೋಯಿತೆಂದು ಆಸ್ಪತ್ರೆಯಲ್ಲಿ ಯಾರೋ ಹೇಳಿದಾಗ, ಕಾಲಿಗೆ ಅಳದವನು ಅದಕ್ಕೆ ಅತ್ತ. ಆಮೇಲೆ ಬಂದ ಬದಲಿ ಎಂಜಿನ್ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಮನೆಯ ಕಿಟಕಿಯ ಮುಂದೆ ಅದು ಹಾದಾಗಲೆಲ್ಲ ಊರುಗೋಲು ಬೀಸಿ, "ಹೋಗೇ, ಇನ್ನೊಬ್ಬಳ ಜಾಗಕ್ಕೆ ಬಂದೋಳೇ!" ಎಂದು ಬೈಯುವನು.

ವರ್ಷಗಳು ಕಳೆದವು. ವೆಲ್ಡರ್ ಗಂಚೋ ನಿವೃತ್ತನಾದ ದಿನ ಶೆಡ್ಡಿನಲ್ಲಿ ಔತಣವಿತ್ತು. ರಕಿಯಾ ಹೆಂಡ ತಲೆಗೇರಿದ್ದ ಗಂಚೋ ನಗುತ್ತ, "ಆ ಬದಲಿ ಎಂಜಿನ್ ಇದೆಯಲ್ಲ, ಅದರ ತಲೆ ಒಬ್ಬಳದು, ಕಾಲು ಇನ್ನೊಬ್ಬಳದು" ಅಂದ.

ವೆಲಿಚ್ಕಾ ಚಮಚ ಕೆಳಗಿಟ್ಟಳು. "ಕಾಲು ಯಾರದು, ಗಂಚೋ ಮಾವ?"

"ಯಾರಿಗೆ ನೆನಪು ಮಗಳೇ! ನಾನಾಗ ಪಟ್ಟಣದ ಕಾರ್ಖಾನೆಯಲ್ಲಿದ್ದೆ. ಎರಡು ಮುರುಕು ಎಂಜಿನ್ ಬಂದ್ವು. ಒಂದು ಸುಟ್ಟಿತ್ತು, ಇನ್ನೊಂದರ ಹೊಟ್ಟೆ ತುಂಬ ಮರಳು. ಎರಡನ್ನೂ ಸೇರಿಸಿ ಒಂದು ಮಾಡಿದ್ವಿ. ನಂಬರು ಸುಟ್ಟದ್ದರದು ಕೊಟ್ವಿ."

"ಮರಳಾ? ಹೊಳೆ ಮರಳಾ?"

"ಮರಳಿಗೇನು ಹೆಸರು ಬರೆದಿರುತ್ತಾ?" ಎಂದು ಅವನು ಮತ್ತೆ ಲೋಟ ತುಂಬಿಸಿಕೊಂಡ.

ಮಾರನೆಯ ದಿನವೇ ಅವಳು ಪಟ್ಟಣದ ಬಸ್ಸು ಹತ್ತಿದಳು. ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ ಫಾನ್ಕಾ ಎಂಬ ಮುದುಕಿಯ ಮನೆಯನ್ನು ಕೇಳಿ ಕೇಳಿ ಹುಡುಕಿದಳು.

"ಹೊಳೆಗೆ ಬಿದ್ದದ್ದನ್ನ ಎತ್ತಿದವಳೇ ನಾನು ಕಣೇ," ಅಂದಳು ಫಾನ್ಕಾ. "ಮೇಲಿನದೆಲ್ಲ ನಜ್ಜುಗುಜ್ಜು, ತಳದ ಚೌಕಟ್ಟು ಮಾತ್ರ ಗಟ್ಟಿ. ಹಳೇ ನಂಬರು ಆ ಕಬ್ಬಿಣಕ್ಕೇ ಕೊರೆದಿತ್ತು. ಅದನ್ನ ಯಾರೂ ಅಳಿಸಲಿಲ್ಲ, ಮೇಲೆ ಬಣ್ಣ ಬಳಿದರು ಅಷ್ಟೆ."

ಶೆಡ್ಡಿನ ಮುಖ್ಯಸ್ಥ ತಾಸೆವ್ ಮೊದಲು ನಕ್ಕ. "ಏನಮ್ಮಾ, ಹೊಲಿಗೆ ಬಿಟ್ಟು ಎಂಜಿನ್ನಿನ ಜಾತಕ ನೋಡೋಕೆ ಶುರು ಮಾಡಿದೆಯಾ?" ಆದರೂ ಭಾನುವಾರ ಎಂಜಿನ್ ನಿಲ್ಲಿಸಿಕೊಟ್ಟ, ತಾನೇ ದೀಪ ಹಿಡಿದು ಬಗ್ಗಿದ. ವೆಲಿಚ್ಕಾ ಕೆಳಗೆ ತೆವಳಿ ಬಣ್ಣ ಕೆರೆದಳು. ಹಸಿರು ಹೋಯಿತು, ಕೆಂಪು ಹೋಯಿತು, ಕಬ್ಬಿಣದಲ್ಲಿ ಅಪ್ಪನ ಎಂಜಿನ್ನಿನ ನಂಬರು ಎದ್ದು ಬಂತು. ಅವಳ ಕೂಗಿಗೆ ತಾಸೆವ್‌ನ ಕೈಯಿಂದ ದೀಪವೇ ಜಾರಿತು.

ಅಪ್ಪನನ್ನು ಕರೆತಂದಳು. "ಅಪ್ಪಾ, ಇಷ್ಟು ವರ್ಷ ನೀನು ಬೈದದ್ದು ಯಾರನ್ನ ಗೊತ್ತಾ?"

ಅಪೋಸ್ತೊಲ್ ಬೆರಳಿಂದ ಆ ನಂಬರನ್ನು ಸವರಿದ, ಮತ್ತೆ ಸವರಿದ. "ಅಯ್ಯೋ ನನ್ನ ಬಂಗಾರಾ," ಅಂದ, "ಇಷ್ಟು ಬೈಸಿಕೊಂಡರೂ ದಿನಾ ಬಾಗಿಲಿಗೆ ಬರ್ತಿದ್ದೆಯಲ್ಲೇ!" ಅಳುತ್ತಲೇ ನಕ್ಕುಬಿಟ್ಟ.

ಅವನನ್ನು ಎತ್ತಿ ಚಾಲಕನ ಜಾಗದಲ್ಲಿ ಕೂರಿಸಿದರು. ಪಕ್ಕದಲ್ಲಿ ಈಗಿನ ಚಾಲಕ, ಹಿಂದೆ ಮೈಯೆಲ್ಲ ಗ್ರೀಸಾಗಿದ್ದ ವೆಲಿಚ್ಕಾ. ಶೆಡ್ಡಿನಿಂದ ಸ್ಟೇಷನ್ನಿಗೆ ಅವನೇ ಎಂಜಿನ್ ತಂದ, ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ. ಅಂದು ಹೊಳೆಗೆ ಬೀಳದೆ ಉಳಿದ ಡಬ್ಬಿಗಳಲ್ಲಿದ್ದ ಎಷ್ಟೋ ಮಂದಿ ಪ್ಲಾಟ್‌ಫಾರ್ಮಿನಲ್ಲಿ ಟೋಪಿ ಬೀಸಿದರು. ನಾನು ಚೀಸ್ ತುಂಬಿದ ಬಿಸಿ ಬಾನಿತ್ಸಾ ಹಂಚಿದೆ, ಯಾರೋ ಅಕಾರ್ಡಿಯನ್ ತಂದರು, ಎಲ್ಲರೂ ಕೈ ಹಿಡಿದು ಸುತ್ತುಗಟ್ಟಿ ಕುಣಿದೆವು. ವೆಲಿಚ್ಕಾ ಎಷ್ಟು ಕುಣಿದಳೆಂದರೆ, ಮರುದಿನ ಹೊಲಿಗೆ ಯಂತ್ರ ತುಳಿಯಲಾಗದೆ ನನ್ನ ಕಾಫಿ ಅಂಗಡಿಯಲ್ಲೇ ಕಾಲು ಚಾಚಿ ಕೂತಿದ್ದಳು.