ಕೆಳಗಿನ ಮನೆಯ ಮೌಶಿ

ಹೋದ ವಾರ ಮೆಹದಿಪಟ್ಟಣಂನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲೊಬ್ಬ ಕೂಲರಿಗೆ ಕಟ್ಟುವ ಲಾವಂಚದ ಚಾಪೆಗಳನ್ನು ಪೇರಿಸಿಟ್ಟುಕೊಂಡು, ಗಿರಾಕಿಗೆ ತೋರಿಸಲೆಂದು ಒಂದರ ಮೇಲೆ ನೀರು ಚಿಮುಕಿಸಿದ. ಒದ್ದೆ ಬೇರಿನ ವಾಸನೆ ಬಂದ ಕೂಡಲೇ ನನ್ನ ಮುಷ್ಟಿ ತಾನಾಗಿ ಬಿಗಿಯಿತು. ಇಷ್ಟು ತಣ್ಣಗಿನ ವಾಸನೆಗೆ ಯಾರಾದರೂ ಹೆದರುತ್ತಾರೆಯೇ? ನಾನು ಹೆದರಿದ್ದೆ. ಕೆಳಗಿನ ಮನೆಯ ಮೌಶಿ ನೆನಪಾದದ್ದು ಆಮೇಲೆ...

ನಾನು ಕಾಲೇಜಿನಲ್ಲಿದ್ದಾಗ ನಾವು ಅಲ್ಲೇ ಒಂದು ಕಾಲೊನಿಯಲ್ಲಿ, ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆವು. ಚಿಕ್ಕಮ್ಮ ಎಂಬರ್ಥದಲ್ಲಿ ನಾವು ಮೌಶಿ ಎನ್ನುತ್ತಿದ್ದೆವಷ್ಟೇ, ನೆಂಟಳಲ್ಲ; ಬೀದರಿನ ಕಡೆಯ ಒಂಟಿ ಹೆಂಗಸು. ವರ್ಷದಲ್ಲಿ ಕೆಲವು ವಾರ ಬಾಗಿಲು ಹಾಕಿಕೊಂಡು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಮನಸ್ಸಿನ ಕಾಯಿಲೆಗೆ ಗುಳಿಗೆ ನುಂಗುತ್ತಿದ್ದಳು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಉಳಿದ ದಿನಗಳಲ್ಲಿ ನನ್ನ ತಮ್ಮ ಅವಳ ಮನೆಯಲ್ಲೇ ಇರುತ್ತಿದ್ದ. ಅವನಿಗೆ ಇಪ್ಪತ್ತು ದಾಟಿತ್ತು, ಆಳೆತ್ತರದ ಮೈ. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ, ಮಾತು ಬಹಳ ಕಡಿಮೆ. ಮಧ್ಯಾಹ್ನ ಅವಳ ಲಾವಂಚದ ಕೂಲರಿಗೆ ಬಕೆಟ್ಟಿನಿಂದ ನೀರು ಹಾಕುವುದು ಅವನ ಕೆಲಸ. ಅರ್ಧ ನೀರು ಹೊರಗೆ ಚೆಲ್ಲುತ್ತಿತ್ತು. “ನೆಲಕ್ಕೂ ಸೆಖಿ ಆಗಿರತೈತಿ, ಬಿಡು” ಎನ್ನುತ್ತಿದ್ದಳು.

ನಮ್ಮ ಮನೆಯಲ್ಲಿ ಒಂದು ರೂಢಿಯಿತ್ತು. ಹೊಸ್ತಿಲೊಳಗೆ ಕನ್ನಡ, ಹೊರಗೆ ಹಿಂದಿ. ಹೊರಗಿನಿಂದ ಬಂದವರೆಂದು ಯಾರೂ ಆಡಿಕೊಳ್ಳಬಾರದು ಎಂಬುದು ಅಪ್ಪನ ಹಟ. ಬೀದಿಯಲ್ಲಿ ತಮ್ಮನೊಡನೆಯೂ ಹಿಂದಿಯೇ. ಅವನು ಸುಮ್ಮನೆ ಜೊತೆಗೆ ನಡೆಯುತ್ತಿದ್ದ. ತಿಳಿಯುತ್ತದೆ ಎಂದುಕೊಂಡಿದ್ದೆವು.

ಆ ಬೇಸಿಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಗಾಳಿಮಾತು ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಒಂದು ಮಧ್ಯಾಹ್ನ ತಮ್ಮ ಒಬ್ಬನೇ ಗೇಟು ದಾಟಿದ. ಅವ್ವ ಓಡಿಹೋಗುವಷ್ಟರಲ್ಲಿ ರಸ್ತೆಯಂಚಿನಲ್ಲಿ ಯಾರದೋ ಪುಟ್ಟ ಹುಡುಗಿಯ ಮುಂಗೈ ಹಿಡಿದು ನಿಂತಿದ್ದ. ಹುಡುಗಿ ಅಳುತ್ತಿದ್ದಳು. ಸುತ್ತ ಗಂಡಸರು. ರಸ್ತೆ ದಾಟುವಾಗ ಕೈ ಹಿಡಿಯಬೇಕೆಂದು ಅವ್ವ ಅವನಿಗೆ ಮನೆಯಲ್ಲಿ ಕಲಿಸಿದ್ದಳು, ಅದಕ್ಕೇ ಹಿಡಿದಿರಬೇಕು. ಇದು ನನ್ನ ಊಹೆ.

ನಾನು ಅಲ್ಲಿದ್ದೆನೇ? ನೀನಿನ್ನೂ ಕಾಲೇಜಿನಿಂದ ಬಂದಿರಲಿಲ್ಲ ಎನ್ನುತ್ತಾಳೆ ಅವ್ವ. ಆದರೆ ಒಬ್ಬಾತ ಸೊಂಟದ ಬೆಲ್ಟು ಬಿಚ್ಚಿ ಕೈಗೆ ಸುತ್ತಿಕೊಳ್ಳುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಕೇಳಿದ್ದನ್ನೇ ಕಂಡದ್ದೆಂದು ನಂಬಿಕೊಂಡಿರಲೂಬಹುದು...

“ಛೋಡ್ ಬೇಟಾ, ಛೋಡ್” ಎಂದು ಅವ್ವ ಹಿಂದಿಯಲ್ಲೇ ಬೇಡಿದಳು. ಮಗನಿಂದ ಹುಡುಗಿಯ ಕೈ ಬಿಡಿಸುತ್ತಿದ್ದೇನೆಂದು ಆ ಜನಕ್ಕೂ ತಿಳಿಯಬೇಕಿತ್ತಲ್ಲ. ಅವನಿಗೆ ಅವ್ವನ ದನಿಯೂ ಕೂಗುತ್ತಿದ್ದ ದನಿಗಳಲ್ಲಿ ಒಂದಾಯಿತು. ಇನ್ನಷ್ಟು ಬಿಗಿಯಾಗಿ ಹಿಡಿದ. ಹುಡುಗಿ ಕಿರುಚಿದಳು. ಮೊದಲ ಏಟು ಅವನ ಭುಜದ ಮೇಲೆ ಬಿತ್ತು.

ಮೌಶಿ ಬರಿಗಾಲಲ್ಲೇ ಬಂದಳು. ನನ್ನ ನೆನಪಿನಲ್ಲಿ ಅವಳ ಸೀರೆಯಿಂದ ಒದ್ದೆ ಲಾವಂಚದ ವಾಸನೆ ಬರುತ್ತದೆ. “ಹಾತ್ ನಕ್ಕೋ ಲಗಾವ್ ಭಾಯ್”, ಅವನ ಮೈಮೇಲೆ ಕೈ ಹಾಕಬೇಡ, ಎಂದು ಬೆಲ್ಟಿನವನನ್ನು ಪಕ್ಕಕ್ಕೆ ಸರಿಸಿ, ಕಾದ ಡಾಂಬರಿನ ಮೇಲೆ ತಮ್ಮನೆದುರು ಕೂತುಬಿಟ್ಟಳು. ಅವನನ್ನು ಮುಟ್ಟಲಿಲ್ಲ. ದನಿ ಎತ್ತಲಿಲ್ಲ.

“ರಾಜಾ, ಕೂಲರ್ ಒಣಗಾಕತ್ತೈತಿ. ನೀರು ಯಾರು ಹಾಕ್ತಾರಪಾ? ನನಗಂತೂ ಬಕೆಟ್ ಎತ್ತಾಕ ಆಗಂಗಿಲ್ಲ.”

ಅವನು ಅವಳ ಕಡೆ ನೋಡಿದ.

“ಕೂಸಿನ ಕೈ ಬಿಡು. ಅವರಪ್ಪ ಬರ್ತಾನ, ರಸ್ತೆ ದಾಟಸ್ತಾನ.”

ಎಷ್ಟು ಹೊತ್ತಾಯಿತೋ... ಬೆರಳುಗಳು ಸಡಿಲವಾದವು. ಹುಡುಗಿ ಓಡಿದಳು. ಹುಚ್ಚನಾದರೆ ಕಟ್ಟಿಹಾಕಿಕೊಳ್ಳಿ ಎಂದು ಗುಂಪಿನಲ್ಲಿ ಯಾರೋ ಹಿಂದಿಯಲ್ಲಿ ಕೂಗಿದ. ಮೌಶಿ ಕೂತಲ್ಲಿಂದಲೇ, “ಮೈ ಭೀ ಪಾಗಲಿಚ್ ಹೂ ಭಾಯ್, ಮೇರೇಕು ಭೀ ಬಾಂಧೋ” ಎಂದಳು. ನಾನೂ ಹುಚ್ಚಿಯೇ, ನನ್ನನ್ನೂ ಕಟ್ಟು. ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಚದುರಿದರು.

ಅಂದು ಸಂಜೆ ಅಪ್ಪ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸುವ ಮಾತೆತ್ತಿದ. ಇಲ್ಲದಿದ್ದರೆ ಎಲ್ಲಾದರೂ ದೂರದ ಆಶ್ರಮಕ್ಕೆ ಬಿಡೋಣ ಎಂದ. ಮೌಶಿ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅಪ್ಪನಿಗೆ ನೇರ ಹೇಳದೆ ಅವ್ವನ ಕಡೆ ತಿರುಗಿದಳು.

“ಅಲ್ಲವಾ ತಂಗಿ, ಬಾಗಿಲ ದಾಟಿದ ಕೂಡ್ಲೆ ನೀವೆಲ್ಲಾ ಬ್ಯಾರೆ ಮಂದಿ ಆಗಿಬಿಡ್ತೀರಿ. ಅವಗ ಗುರ್ತು ಹೆಂಗ ಸಿಗಬೇಕು? ಕದಾ ಹಾಕಬ್ಯಾಡ್ರಿ. ನನ್ನೂ ಒಮ್ಮೆ ಒಳಗ ಹಾಕಿ ಕೀಲಿ ಹಾಕಿದ್ರು. ಒಳಗ ಕುಂತವರಿಗೆ ಗೊತ್ತಿರತೈತಿ ಅದು.”

ಅಪ್ಪ ಚಿಲಕ ಹಾಕಿಸಲಿಲ್ಲ. ಮರುದಿನ ತಮ್ಮನನ್ನು ಕಿರಾಣಿ ಅಂಗಡಿಗೆ ಕರೆದುಕೊಂಡು ಹೋದ, ಬೀದಿಯುದ್ದಕ್ಕೂ ಕದ್ದು ಮಾಡುವ ಕೆಲಸದಂತೆ ಮೆಲ್ಲಗೆ ಕನ್ನಡ ಮಾತಾಡುತ್ತ.

ಈಗ ನಾವು ಇದೇ ಊರಿನ ಇನ್ನೊಂದು ಕೊನೆಯ ಮಿಯಾಪುರದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಮೌಶಿ ಅದಕ್ಕೂ ಮೊದಲೇ ಬೀದರಿಗೆ, ಅಣ್ಣನ ಮನೆಗೆ ಹೋಗಿದ್ದಳು. ಕಳೆದ ಚಳಿಗಾಲದಲ್ಲಿ ತೀರಿಕೊಂಡಳೆಂದು ಫೋನು ಬಂತು. ತಮ್ಮನಿಗೆ ಹೇಳಿದೆವು. ಅವನು ಚಪ್ಪಲಿ ಮೆಟ್ಟಿ, ಒಂದು ಮಹಡಿ ಇಳಿದು, ನಮ್ಮ ಕೆಳಗಿನ ಮನೆಯ ಬಾಗಿಲು ಬಡಿದ.

ನಿನ್ನೆಯೂ ಹಾಗೆಯೇ ಹೋದ. ಹೊಸದಾಗಿ ಬಂದ ಬಾಡಿಗೆದಾರರು ಬಾಗಿಲನ್ನು ಅರ್ಧ ತೆರೆದು, ಏನು ಬೇಕೆಂದು ಹಿಂದಿಯಲ್ಲಿ ಕೇಳಿದರು. ಅವರ ಕಾಲ ಹಿಂದೆ ಒಂದು ಮಗು ಇಣುಕುತ್ತಿತ್ತು. ಅವರು ಅದನ್ನು ಒಳಗೆ ತಳ್ಳಿದರು. “ಮೌಶಿ ಇಲ್ಲಪಾ, ಬಾ” ಎಂದು ನಾನು ತಮ್ಮನಿಗೆ ಅವರೆದುರೇ ಕನ್ನಡದಲ್ಲಿ ಹೇಳಿದೆ. ಅವನು ತಿರುಗಿ ಮೆಟ್ಟಿಲು ಹತ್ತಿದ. ಆ ಮನೆಯವರಿಗೂ ಏನಾದರೂ ಹೇಳಬೇಕಿತ್ತು. ಮೌಶಿಯಾಗಿದ್ದರೆ ಏನು ಹೇಳುತ್ತಿದ್ದಳೋ ಎಂದು ಹುಡುಕುತ್ತ ನಿಂತೆ. ಅಷ್ಟರಲ್ಲಿ ಬಾಗಿಲು ಮುಚ್ಚಿತು.