ಶುಕ್ರವಾರದ ಸರ್ವೆ

ಕಳೆದ ವಾರ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಹೋಗಿದ್ದೆ. ಒಬ್ಬ ಮನುಷ್ಯನ ಮೂವತ್ತು ವರ್ಷದ ದುಡಿಮೆಯನ್ನು ಒಂದು ಟಿಕ್ ಮಾರ್ಕಿನಲ್ಲಿ ಅಳಿಸಿ ಹಾಕಿದ್ದೇನೆಂದು ತಿಳಿದುಕೊಂಡು ಬಂದೆ.

ನಿಮಗೆ ಗೊತ್ತೇ ಇದೆ, ದೋಹಾದಲ್ಲಿ ನನ್ನದು ನಗರ ಯೋಜನೆಯ ಕೆಲಸ. ಈಗ ನಮ್ಮ ಆಫೀಸು ಹಳೆಯ ಕಟ್ಟಡಗಳನ್ನು ಉಳಿಸುವ ಪ್ಲಾನ್ ಮಾಡುತ್ತಿದೆ. ಯಾವುದು ಹಳೆಯದು, ಒಳಗೆ ಏನು ನಡೆಯುತ್ತಿದೆ, ಎಲ್ಲಕ್ಕೂ ಒಂದೊಂದು ಫಾರಂ. ತುಂಬಿದವನು ನಾನು. (ಹೆಮ್ಮೆಯಿಂದ ತುಂಬಿದ್ದೆ, ಅದನ್ನೂ ಹೇಳಿಬಿಡುತ್ತೇನೆ.)

ಮುಶೈರಿಬ್ ಹತ್ತಿರದ ಹಳೇ ಗಲ್ಲಿಯಲ್ಲಿ ಸಂಜೀವಣ್ಣನ ಟೈಲರ್ ಅಂಗಡಿ. ಕಾರ್ಕಳದ ಕಡೆಯವರು; ಅವರಲ್ಲಿಗೆ ನಾನು ಹೋದದ್ದು ಅದೇ ಮೊದಲು. ಬಾಗಿಲ ಮೇಲಿನ ಗಾರೆ ಕೆತ್ತನೆ ನೋಡಿದ ಕೂಡಲೇ ಗುರುತು ಹಿಡಿದೆ. "ಅಣ್ಣಾ, ಈ ಕಟ್ಟಡ ನಮ್ಮ ಲಿಸ್ಟಲ್ಲಿದೆ! ಇನ್ನು ಯಾರೂ ಕೆಡವೋ ಹಾಗಿಲ್ಲ" ಎಂದು ಫೋನ್ ತೆಗೆದು ಓದತೊಡಗಿದೆ. "ನೆಲಮಹಡಿ..." ಮುಂದಿನ ಸಾಲನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡೆ.

"ಎಂತ ಬರ್ದಿದೆ?"

"ಖಾಲಿ. ಬಳಕೆಯಲ್ಲಿಲ್ಲ. ಕಾಫಿ ಶಾಪ್‌ಗೆ ಸೂಕ್ತ."

ಸಂಜೀವಣ್ಣ ಕತ್ತರಿ ಕೆಳಗಿಟ್ಟರು. "ನೀವು ನೋಡ್ಲಿಕ್ಕೆ ಬಂದದ್ದು ಯಾವಾಗ?"

"ಶುಕ್ರವಾರ ಬೆಳಗ್ಗೆ."

"ಶುಕ್ರವಾರ ಬೆಳಿಗ್ಗೆ ಇಲ್ಲಿ ಯಾರು ಮಾರಾಯ್ರೆ ಶಟರ್ ತೆಗೀತಾರೆ? ನಮಾಜ್ ಮುಗಿದ ಮೇಲೆ ಬರ್ಬೇಕಿತ್ತು. ಒಮ್ಮೆ ಬಾಗಿಲು ತಟ್ಟಿದ್ರೂ ಸಾಕಿತ್ತು, ಹಿಂದಿನ ಕೋಣೆಯಲ್ಲೇ ಮಲಗಿದ್ದೆ."

ನಾವು ಬೇಕೆಂದೇ ಶುಕ್ರವಾರ ಆರಿಸಿದ್ದೆವು. ಯಾಕೆ ಗೊತ್ತಾ? ಗಲ್ಲಿಯಲ್ಲಿ ಕಾರು ಇರಲ್ಲ, ಜನ ಇರಲ್ಲ, ಫೋಟೋ ಕ್ಲೀನಾಗಿ ಬರುತ್ತೆ! ಇದೇ ಊರಲ್ಲಿ ಶುಕ್ರವಾರ ಬೆಳಗ್ಗೆ ಕೊತ್ತಂಬರಿ ಸೊಪ್ಪಿಗೆ ಹೋಗಿ, ಮುಚ್ಚಿದ ಅಂಗಡಿ ನೋಡಿ ಎಷ್ಟು ಸಲ ಬೈದುಕೊಂಡು ವಾಪಸ್ ಬಂದಿಲ್ಲ ನಾನು? ಫಾರಂ ಕೈಗೆ ಬಂದ ತಕ್ಷಣ ಬುದ್ಧಿ ಹುಲ್ಲು ಮೇಯೋಕೆ ಹೋಗಿತ್ತಾ? ಸಾಲಾಗಿ ಇಡೀ ಗಲ್ಲಿಗೇ 'ಖಾಲಿ' ಅಂತ ಟಿಕ್ ಹಾಕಿದ್ದೇನೆ. ಪಕ್ಕದ ಗಡಿಯಾರ ರಿಪೇರಿಯವನೂ ಖಾಲಿ, ಎದುರಿನ ಕ್ಷೌರದಂಗಡಿಯೂ ಖಾಲಿ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನ ಮ್ಯಾನೇಜರ್ ಮುಂದೆ ನಿಂತು, "ತಪ್ಪು ನನ್ನದು ಸರ್, ಮತ್ತೆ ಸರ್ವೆ ಮಾಡ್ತೀನಿ" ಎಂದೆ. ಅವರೂ ಕನ್ನಡದವರೇ, ಬೆಂಗಳೂರಿನವರು. "ಸರ್ವೆ ಖಲಾಸ್ ಕಣಪ್ಪಾ. ಡೇಟಾ ಫ್ರೀಜ್ ಆಗಿದೆ, ಇನ್ನು ತಿದ್ದೋ ಹಾಗಿಲ್ಲ. ಕಟ್ಟಡ ಉಳೀತಿದೆಯಲ್ಲ, ಇನ್ನೇನು?" ಎಂದರು.

ಮೈಯೆಲ್ಲ ಉರಿದುಹೋಯಿತು. ಗೋಡೆಗೆ ಸುಣ್ಣ, ಒಳಗಿದ್ದವನಿಗೆ ಬೀದಿ. ಇದನ್ನು ಸಂರಕ್ಷಣೆ ಅನ್ನೋಕೆ ನಾಚಿಕೆ ಆಗಲ್ವಾ? ಗಾರೆ ಕೆತ್ತನೆಗೆ ವಯಸ್ಸು ಲೆಕ್ಕ ಹಾಕುವ ನಮಗೆ, ಅದರ ಕೆಳಗೆ ಮೂವತ್ತು ವರ್ಷ ಕೂತು ಊರವರ ಬಟ್ಟೆ ಹೊಲಿದವನು ಕಾಣಿಸಲೇ ಇಲ್ಲವಾ? ಜೀವಮಾನದಲ್ಲಿ ಮೊದಲ ಸಲ ಆಫೀಸಿನಲ್ಲಿ ಕೂಗಾಡಿದೆ.

ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಣ್ಣಗೆ ಹೇಳಿದರು: "ಗುಡ್ ಪಾಯಿಂಟ್. ಕಾಫಿ ಶಾಪಲ್ಲಿ ಒಂದು ಹೆರಿಟೇಜ್ ಕಾರ್ನರ್ ಮಾಡೋಣ. ಆ ಟೈಲರ್ ಹತ್ರ ಹಳೇ ಹೊಲಿಗೆ ಮೆಷಿನ್ ಇದ್ರೆ ಕೇಳಿ ನೋಡು."

ಸಂಜೀವಣ್ಣನ ಮುಖ ನೋಡಿಕೊಂಡು ಇದನ್ನು ಕೇಳುವ ಎದೆಗಾರಿಕೆ ನಿಮ್ಮಲ್ಲಿ ಯಾರಿಗಿದೆ ಸ್ವಾಮಿ?